ತಾನೇ ನಿಲ್ಲುವ ಕ್ಯಾಂಡಲ್‌ಗೆ ಒಂದು ಮೇಣ, ಗಾಜಿನೊಳಗೆ ಕರಗುವುದಕ್ಕೆ ಇನ್ನೊಂದು

ಮನೆಯಲ್ಲಿ ಕ್ಯಾಂಡಲ್ ಮಾಡಲು ಹೊರಟವರು ಮೊದಲು ಕೇಳುವುದು ಸೋಯಾ ಒಳ್ಳೆಯದೋ ಪ್ಯಾರಾಫಿನ್ ಒಳ್ಳೆಯದೋ ಎಂದು. ಈ ಪ್ರಶ್ನೆಯ ಬೆನ್ನು ಹತ್ತಿದರೆ ವಾದ ಬೆಳೆಯುತ್ತದೆ, ಮೇಣ ಮಾತ್ರ ಸಿಗುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ: ಉರಿಯುವಾಗ ಕರಗಿದ ಮೇಣವನ್ನು ಹಿಡಿದಿಡುವುದು ಯಾವುದು, ಮೇಣದ ಗೋಡೆಯೋ ಗಾಜಿನ ಗೋಡೆಯೋ?

ಪಿಲ್ಲರ್ ಎಂದರೆ ಅಚ್ಚಿನಿಂದ ಹೊರಬಂದು ತಟ್ಟೆಯ ಮೇಲೆ ಯಾರ ಆಸರೆಯೂ ಇಲ್ಲದೆ ನಿಲ್ಲುವ ಕಂಬ. ಕುಡಿಯ ಸುತ್ತ ಮೇಣ ಕರಗಿ ಕೊಳವಾಗುತ್ತದೆ. ಆ ಕೊಳಕ್ಕೆ ದಂಡೆ ಕ್ಯಾಂಡಲ್‌ನ ಹೊರಗೋಡೆಯೇ. ಗೋಡೆ ಮೆತ್ತಗಾದರೆ ಒಂದು ಕಡೆ ಕುಸಿದು, ಕರಗಿದ್ದಷ್ಟೂ ಮೇಜಿನ ಮೇಲೆ ಹರಿಯುತ್ತದೆ. ಆಮೇಲೆ ಉಳಿಯುವುದು ಉದ್ದನೆಯ ಬತ್ತಿ, ಹೊಗೆಯಾಡುವ ಕುಡಿ, ಅರ್ಧ ಕಂಬ. ಹಾಗಾಗಿ ಪಿಲ್ಲರ್ ಮೇಣ ಕೊನೆಯವರೆಗೂ ಅಂಚು ಬಿಟ್ಟುಕೊಡದಷ್ಟು ಗಟ್ಟಿಯಾಗಿರಬೇಕು.

ವೋಟಿವ್ ಎಂಬ ಪುಟ್ಟ ಕ್ಯಾಂಡಲ್‌ನ ಕಥೆ ಇದಕ್ಕೆ ತದ್ವಿರುದ್ಧ. ಸುಮಾರು 5 ಸೆಂಟಿಮೀಟರ್ ಎತ್ತರ, 4 ಸೆಂಟಿಮೀಟರ್ ಅಗಲ, ಬುಡದ ಕಡೆ ಕೊಂಚ ಕಿರಿದು. ಇದನ್ನೂ ಅಚ್ಚಿನಲ್ಲಿ ಹೊಯ್ದು ಹೊರತೆಗೆಯುತ್ತೇವೆ, ಆದರೆ ಉರಿಸುವುದು ಅದರ ಮೈಗೆ ಹೆಚ್ಚುಕಡಿಮೆ ಅಂಟಿಕೊಂಡಂತೆ ಕೂರುವ ಗಾಜಿನ ಲೋಟದೊಳಗೆ. ಹೊತ್ತಿಸಿದ ಮೇಲೆ ಅದು ಅಂಚಿನವರೆಗೂ ಕರಗಿ, ಕೊನೆಗೆ ಇಡಿಯಾಗಿ ದ್ರವವಾಗಿ ಲೋಟದ ತಳ ತುಂಬಬೇಕು. ತೀರಾ ಗಟ್ಟಿ ಮೇಣ ಹಾಕಿದರೆ ಕುಡಿ ನಡುವೆ ಸುರಂಗ ಕೊರೆದುಕೊಂಡು ಇಳಿಯುತ್ತದೆ, ಸುತ್ತಲಿನ ಮೇಣ ಗಾಜಿಗೆ ಮೆತ್ತಿಕೊಂಡು ವ್ಯರ್ಥವಾಗುತ್ತದೆ. ತೀರಾ ಮೆತ್ತನೆಯದಾದರೆ ಅಚ್ಚಿನಿಂದಲೇ ಹೊರಬರುವುದಿಲ್ಲ. ಪಿಲ್ಲರ್ ಕರಗದಿರಲಿ ಎಂದು ಬಯಸುವ ಕಡೆಯೇ ವೋಟಿವ್ ಕರಗಲಿ ಎಂದು ಬಯಸುತ್ತೇವೆ. ಎರಡಕ್ಕೂ ಸಲ್ಲುತ್ತದೆ ಎಂದು ಮಾರುವ ಮೇಣಗಳು ಇವೆ; ಅವು ಸುಳ್ಳಲ್ಲ, ಎರಡು ಕಡೆಯೂ ಸ್ವಲ್ಪ ಸ್ವಲ್ಪ ರಾಜಿಯಾದವು, ಅಷ್ಟೇ.

(ವೋಟಿವನ್ನು ಅಗಲವಾದ ಬಟ್ಟಲಿನಲ್ಲೋ ಚಪ್ಪಟೆ ತಟ್ಟೆಯಲ್ಲೋ ಇಟ್ಟು ಉರಿಸಿ, ಮೇಣ ಕೆಟ್ಟದ್ದು ಎಂದು ದೂರುವವರಿದ್ದಾರೆ. ಅಲ್ಲಿ ಕರಗಿದ ಮೇಣ ಹರಡಿಹೋಗುತ್ತದೆ, ಬತ್ತಿ ವಾಲುತ್ತದೆ, ಎಷ್ಟೋ ಮೇಣ ಬಾಕಿ ಇರುವಾಗಲೇ ಆರುತ್ತದೆ. ಮೇಣದ ತಪ್ಪಲ್ಲ ಅದು, ಪಾತ್ರೆಯ ತಪ್ಪು.)

ಚೀಟಿಯ ಮೇಲಿನ ಅಂಕಿ

ಮೇಣದ ಪೊಟ್ಟಣದ ಮೇಲೆ 58/60 ಎಂಬಂಥ ಅಂಕಿ ಕಂಡರೆ ಅದು ಕರಗುವ ಬಿಂದು, ಸೆಲ್ಸಿಯಸ್‌ನಲ್ಲಿ. 140 ಎಂದಿದ್ದರೆ ಫ್ಯಾರನ್‌ಹೀಟ್, ಅಂದರೆ 60 ಡಿಗ್ರಿ. ಒರಟಾಗಿ ಹೇಳುವುದಾದರೆ ಗಾಜಿನ ಜಾಡಿಯಲ್ಲೇ ಹೊಯ್ದು ಅಲ್ಲೇ ಉರಿಸುವ ಕ್ಯಾಂಡಲ್‌ಗೆ 46ರಿಂದ 52, ವೋಟಿವ್‌ಗೆ 54ರಿಂದ 58, ಪಿಲ್ಲರ್‌ಗೆ 58ರಿಂದ 63 ಡಿಗ್ರಿ ಸೆಲ್ಸಿಯಸ್. ಗಡಿಯಲ್ಲಿ ಒಂದೆರಡು ಡಿಗ್ರಿ ಆಚೀಚೆ ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಜಾಡಿಯ ಮೇಣ ತಂದು ಪಿಲ್ಲರ್ ಹೊಯ್ಯುವುದು ಯಾವ ಉಪಾಯದಿಂದಲೂ ಸರಿಹೋಗದ ತಪ್ಪು.

ಕರಗುವ ಬಿಂದು ಎಂಬುದನ್ನು ನೋಡಿ ಮೋಸಹೋಗಲೂಬಾರದು. 58 ಡಿಗ್ರಿಗೆ ಕರಗುವ ಮೇಣ 57ರವರೆಗೆ ಕಲ್ಲಿನಂತೆ ಇದ್ದು ಆಮೇಲೆ ಒಮ್ಮೆಗೇ ನೀರಾಗುವುದಿಲ್ಲ. ಪ್ಯಾರಾಫಿನ್ ಕರಗುವುದಕ್ಕೆ ಎಷ್ಟೋ ಮೊದಲೇ ಅದರ ಹರಳುಗಳ ಜೋಡಣೆ ಬದಲಾಗಿ ಮೆತ್ತಗಾಗುತ್ತದೆ. ಆಗ ಅದು ದ್ರವವಲ್ಲ, ಆದರೆ ಬಾಗುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ಎತ್ತರದ ಪಿಲ್ಲರ್ ಒಂದು ಹನಿಯೂ ಕರಗದೆ ಪಕ್ಕಕ್ಕೆ ವಾಲಿರುವುದು ಇದರಿಂದಲೇ. ಬಿಸಿ ವಾತಾವರಣದಲ್ಲಿ ಇಡಬೇಕಾದ, ದೂರ ಸಾಗಿಸಬೇಕಾದ ಕ್ಯಾಂಡಲ್‌ಗೆ ವ್ಯಾಪ್ತಿಯ ಮೇಲಿನ ತುದಿಯ ಮೇಣವನ್ನೇ ಆರಿಸಿ.

ಚೀಟಿಯೇ ಇಲ್ಲದ ಮೇಣದ ಗಟ್ಟಿ ಕೈಗೆ ಬಂದರೆ? ಅದು ಪ್ಯಾರಾಫಿನ್ ಎಂದು ಗೊತ್ತಿದ್ದರೆ ಅಂಕಿಯನ್ನು ನಾವೇ ಹುಡುಕಬಹುದು. ಒಂದು ಹಿಡಿಯಷ್ಟು ಕರಗಿಸಿ, ಒಲೆಯಿಂದ ಇಳಿಸಿ, ಥರ್ಮಾಮೀಟರಿನಿಂದ ನಿಧಾನವಾಗಿ ಕಲಕುತ್ತಿರಿ. 75, 70, 65 ಎಂದು ಅಂಕಿ ಸರಸರ ಇಳಿಯುತ್ತದೆ. ಒಂದು ಹಂತದಲ್ಲಿ ಮೇಣ ಮಂಕಾಗತೊಡಗುತ್ತದೆ, ಇಳಿಯುತ್ತಿದ್ದ ಅಂಕಿ ನಿಮಿಷಗಟ್ಟಲೆ ಅಲ್ಲೇ ಕಾಲೂರುತ್ತದೆ. ಗಟ್ಟಿಯಾಗುವಾಗ ಮೇಣ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುವುದರಿಂದ ಹೀಗಾಗುತ್ತದೆ. ಅಂಕಿ ನಿಂತಿತಲ್ಲ, ಅದೇ ಕರಗುವ ಬಿಂದು. ಸೋಯಾದಂಥ ಸಸ್ಯಜನ್ಯ ಮೇಣಗಳಲ್ಲಿ ಈ ನಿಲುಗಡೆ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಪ್ಯಾರಾಫಿನ್

ಹೊಸಬರು ಪಿಲ್ಲರ್ ಮಾಡುವುದಾದರೆ ನಾನು ಹೇಳುವುದು ಇದನ್ನೇ. ಬೇರೆಯವರು ಏನೇ ಹೇಳಲಿ, ಅಚ್ಚಿನೊಳಗೆ ಹೇಳಿದ ಮಾತು ಕೇಳುವ ಮೇಣ ಇದು. ಪೆಟ್ರೋಲಿಯಂ ಸಂಸ್ಕರಣೆಯ ಉಪಉತ್ಪನ್ನ. ಬಣ್ಣ, ಪರಿಮಳ ಎರಡನ್ನೂ ಚೆನ್ನಾಗಿ ತೋರಿಸುತ್ತದೆ. ತಣ್ಣಗಾದಾಗ ಕುಗ್ಗುತ್ತದೆ, ಕುಗ್ಗುವುದರಿಂದ ಅಚ್ಚಿನ ಗೋಡೆಯನ್ನು ತಾನಾಗಿ ಬಿಡುತ್ತದೆ. ಈ ಕೊನೆಯ ಗುಣದ ಬೆಲೆ ಸೋಯಾ ಪಿಲ್ಲರನ್ನು ಅಚ್ಚಿನಿಂದ ಕೀಳಲು ಹೆಣಗಿದವರಿಗೆ ಗೊತ್ತು.

ಕೊಳ್ಳುವಾಗ ನೋಡಬೇಕಾದದ್ದು ಎರಡು. ಒಂದು, ಮೇಲೆ ಹೇಳಿದ ಅಂಕಿ. ಇನ್ನೊಂದು, ಎಷ್ಟು ಸಂಸ್ಕರಿಸಿದ್ದು ಎಂಬುದು. ಪೂರ್ಣ ಸಂಸ್ಕರಿಸಿದ, ಅಂದರೆ ಫುಲ್ಲಿ ರಿಫೈನ್ಡ್ ಮೇಣದಲ್ಲಿ ಎಣ್ಣೆಯಂಶ ಸಾಮಾನ್ಯವಾಗಿ ಶೇಕಡಾ 0.5ಕ್ಕಿಂತ ಕಡಿಮೆ. ಅರೆ ಸಂಸ್ಕರಿಸಿದ್ದರಲ್ಲಿ ಎಣ್ಣೆ ಹೆಚ್ಚು. ಅಂಕಿ ಅದೇ 58/60 ಇದ್ದರೂ ಉಗುರು ಒತ್ತಿದರೆ ಗುರುತು ಆಳವಾಗಿ ಬೀಳುತ್ತದೆ, ಮುಟ್ಟಿದರೆ ಜಿಡ್ಡು ಹತ್ತುತ್ತದೆ, ಕೆಲವೊಮ್ಮೆ ವಾಸನೆಯೂ ಬರುತ್ತದೆ. ಅಗ್ಗ ಎಂದು ತಂದ ಮೇಣದ ಪಿಲ್ಲರ್ ಬೇಗ ಸೋಲುವುದಕ್ಕೆ ಎಷ್ಟೋ ಸಲ ಕಾರಣ ಈ ಎಣ್ಣೆಯೇ.

ಶುದ್ಧ ಪ್ಯಾರಾಫಿನ್ ಅರೆಪಾರದರ್ಶಕ, ಸ್ವಲ್ಪ ಪೆಡಸು. ಪಿಲ್ಲರ್‌ಗೆ ಅದರ ಜೊತೆ ಸ್ಟಿಯರಿಕ್ ಆಮ್ಲ ಬೆರೆಸುವುದು ರೂಢಿ, ತೂಕದಲ್ಲಿ ಶೇಕಡಾ 10ರ ಆಸುಪಾಸು. ಬಿಳಿ ಪುಡಿ ಅಥವಾ ಚಕ್ಕೆಯ ರೂಪದಲ್ಲಿ ಸಿಗುವ ಇದು ಮೇಣವನ್ನು ಗಟ್ಟಿ ಮಾಡುತ್ತದೆ, ಅಪಾರದರ್ಶಕ ಮಾಡುತ್ತದೆ, ಬಣ್ಣಕ್ಕೆ ತುಂಬು ಕೊಡುತ್ತದೆ, ಅಚ್ಚು ಬಿಡಲು ನೆರವಾಗುತ್ತದೆ. ಇದರ ಚರಿತ್ರೆಯೂ ಸ್ವಾರಸ್ಯದ್ದು. ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞರಾದ ಶೆವ್ರೊಲ್ ಮತ್ತು ಗೇ-ಲ್ಯುಸಾಕ್ ಕೊಬ್ಬಿನಿಂದ ತೆಗೆದ ಈ ಆಮ್ಲದ ಕ್ಯಾಂಡಲ್‌ಗಳಿಗೆ ಪೇಟೆಂಟ್ ಪಡೆದದ್ದು 1825ರಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ರೈಕೆನ್‌ಬಾಕ್ ಪ್ಯಾರಾಫಿನ್ ಕಂಡುಹಿಡಿದದ್ದು ಆಮೇಲೆ, 1830ರಲ್ಲಿ. ಪ್ಯಾರಾಫಿನ್ ಕ್ಯಾಂಡಲ್‌ಗಳು ಬಂದಾಗ ಅವು ಚೊಕ್ಕವಾಗಿ ಉರಿದರೂ ಕರಗುವ ಬಿಂದು ಕಡಿಮೆಯಾಗಿ ಬಾಗುತ್ತಿದ್ದವು. ಮದ್ದಾಗಿ ಬಂದದ್ದು ಹಳೆಯ ಸ್ಟಿಯರಿಕ್ ಆಮ್ಲವೇ. ಇಂದು ಮನೆಯ ಅಡುಗೆ ಒಲೆಯ ಮುಂದೆ ನಾವು ಬಿಡಿಸುವ ಸಮಸ್ಯೆಯೂ ಅದೇ, ಮದ್ದೂ ಅದೇ.

ಎರಡು ಎಚ್ಚರಿಕೆ. ರಬ್ಬರ್ ಲೇಟೆಕ್ಸ್ ಅಚ್ಚುಗಳನ್ನು ಸ್ಟಿಯರಿಕ್ ಆಮ್ಲ ಹಾಳುಮಾಡುತ್ತದೆ. ತಾಮ್ರದ ಪಾತ್ರೆಯಲ್ಲಿ ಅದನ್ನು ಕರಗಿಸಬೇಡಿ. ಲೋಹದೊಡನೆ ವರ್ತಿಸಿ ಮೇಣದ ಬಣ್ಣ ಕೆಡುತ್ತದೆ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಪಾತ್ರೆ ಸಾಕು.

ಪರಿಮಳ ಹೆಚ್ಚು ಬೇಕೆನ್ನುವವರು ಸ್ಟಿಯರಿಕ್ ಬದಲು ವೈಬಾರ್ ಎಂಬ ಪಾಲಿಮರ್ ಸೇರಿಸುತ್ತಾರೆ. ಇದು ಸುಗಂಧತೈಲವನ್ನು ಮೇಣದೊಳಗೆ ಕಟ್ಟಿಹಾಕುತ್ತದೆ, ಮೈಮೇಲೆ ಎಣ್ಣೆ ಬೆವರದಂತೆ ತಡೆಯುತ್ತದೆ. ಪ್ರಮಾಣ ಶೇಕಡಾ 0.5ರಿಂದ 2 ಮಾತ್ರ. ಹೆಚ್ಚಾದರೆ ಕಟ್ಟಿಹಾಕಿದ್ದನ್ನು ಬಿಡುವುದೇ ಇಲ್ಲ, ಕ್ಯಾಂಡಲ್ ಉರಿದರೂ ಕೋಣೆಗೆ ಪರಿಮಳ ಬರುವುದಿಲ್ಲ. ಪಿಲ್ಲರ್‌ಗೂ ಜಾಡಿಗೂ ಬೇರೆ ಬೇರೆ ಸಂಖ್ಯೆಯ ವೈಬಾರ್ ಇದೆ: 103 ಪಿಲ್ಲರ್‌ಗೆ, 260 ಮೆತ್ತನೆಯ ಮೇಣಕ್ಕೆ. ಪಾಲಿಎಥಿಲೀನ್ ಜಾತಿಯ ಗಡಸುಕಾರಕಗಳು ನೂರು ಡಿಗ್ರಿ ದಾಟಿದ ಮೇಲೆ ಕರಗುವಂಥವು. ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸುವವರಿಗೆ ಅವು ಸಲ್ಲ. ಮೊದಲ ವರ್ಷ ಅವುಗಳ ತಂಟೆಗೇ ಹೋಗದಿರುವುದು ಲೇಸು.

ಕುಗ್ಗುವಿಕೆ ವರ ಎಂದೆ. ಅದರ ಇನ್ನೊಂದು ಮುಖವನ್ನೂ ನೋಡಬೇಕು. 80–85 ಡಿಗ್ರಿಯಲ್ಲಿ ಹೊಯ್ದ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಹೊತ್ತಿಗೆ ಮೇಲೆ ಕೆನೆ ಕಟ್ಟುತ್ತದೆ. ಆಮೇಲೆ ಬತ್ತಿಯ ಸುತ್ತ ಮೇಲ್ಮೈ ಒಳಕ್ಕೆ ಜಗ್ಗಲು ಶುರು. ಹೊರಗೋಡೆ ಮೊದಲು ಗಟ್ಟಿಯಾಗಿ, ನಡುವಿನ ದ್ರವ ಆಮೇಲೆ ಕುಗ್ಗುತ್ತ ಅದನ್ನೇ ಒಳಗೆಳೆದುಕೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ಒಳಗೆ ಕಾಣದ ಪೊಳ್ಳು ಉಳಿಯುತ್ತದೆ; ಉರಿಯುತ್ತ ಉರಿಯುತ್ತ ಕುಡಿ ಆ ಪೊಳ್ಳು ತಲುಪಿದಾಗ ಕರಗಿದ ಮೇಣವೆಲ್ಲ ಗುಳಕ್ಕನೆ ಒಳಗಿಳಿದು ಬತ್ತಿ ಬರಿದಾಗಿ ನಿಲ್ಲುತ್ತದೆ. ಅದಕ್ಕೇ ಬತ್ತಿಯ ಅಕ್ಕಪಕ್ಕ ಕಡ್ಡಿಯಿಂದ ಎರಡು ಮೂರು ಆಳದ ತೂತು ಮಾಡಿ, ಮೊದಲಿಗಿಂತ ಐದಾರು ಡಿಗ್ರಿ ಹೆಚ್ಚು ಬಿಸಿಯಾದ ಮೇಣವನ್ನು ಎರಡನೆಯ ಸಲ ಹೊಯ್ಯುವುದು. ಮೊದಲ ಮಟ್ಟ ಮೀರಿ ಹೊಯ್ದರೆ ಅದು ಕ್ಯಾಂಡಲ್‌ಗೂ ಅಚ್ಚಿಗೂ ನಡುವೆ ಜಾರಿ ಮೈಮೇಲೆ ಕಲೆಯಾಗುತ್ತದೆ. ಸ್ಟಿಯರಿಕ್ ಹಾಕಿದ್ದರೆ ಕುಗ್ಗುವಿಕೆ ಇನ್ನೂ ಎದ್ದು ಕಾಣುತ್ತದೆ, ವೈಬಾರ್ ಹಾಕಿದ್ದರೆ ಕಡಿಮೆ.

ವೋಟಿವ್‌ಗೆ ಪ್ಯಾರಾಫಿನ್ ಬೇಕೆಂದರೆ 54/56 ಅಥವಾ 56/58 ತನ್ನಿ. ಸ್ಟಿಯರಿಕ್ ಶೇಕಡಾ 5 ಮೀರದಿರಲಿ. ಮನೆಯಲ್ಲಿರುವುದು ಪಿಲ್ಲರ್ ಮೇಣ ಮಾತ್ರ ಎಂದಾದರೆ ಗಡಸುಕಾರಕ ಹಾಕದೆ, ಬತ್ತಿಯನ್ನು ಒಂದು ಅಳತೆ ದಪ್ಪ ಮಾಡಿ ಹೊಯ್ಯಿರಿ; ತಕ್ಕಮಟ್ಟಿಗೆ ಕೆಲಸವಾಗುತ್ತದೆ.

ಸೋಯಾ

ಸೋಯಾಬೀನ್ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ್ದು ಸೋಯಾ ಮೇಣ. ಸಸ್ಯಮೂಲದ್ದು, ಬಿಸಿನೀರು ಮತ್ತು ಸಾಬೂನಿಗೆ ಪಾತ್ರೆ ಬಿಟ್ಟುಕೊಡುತ್ತದೆ, ತಣ್ಣಗೆ ನಿಧಾನವಾಗಿ ಉರಿಯುತ್ತದೆ. ಇದರ ಹೊಗಳಿಕೆ ನಿಮಗೆ ಎಲ್ಲೆಡೆ ಸಿಗುತ್ತದೆ, ಇಲ್ಲಿ ಮತ್ತೆ ಹಾಡುವುದಿಲ್ಲ. ಆ ಹೊಗಳಿಕೆಯ ಬಹುಪಾಲು ಜಾಡಿಯ ಸೋಯಾದ ಬಗ್ಗೆ, ನಮಗೆ ಬೇಕಾದ ಕ್ಯಾಂಡಲ್‌ಗಳ ಬಗ್ಗೆ ಅಲ್ಲ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ.

ಸೋಯಾ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಮಾರಾಟವಾಗುತ್ತದೆ. ಜಾಡಿಯದ್ದು ಮೆತ್ತಗೆ, 46ರಿಂದ 52 ಡಿಗ್ರಿಯದು. ಅಚ್ಚಿನದ್ದು, ಅಂದರೆ ಪಿಲ್ಲರ್ ಅಥವಾ ವೋಟಿವ್ ಮಿಶ್ರಣ ಎಂದು ಬರೆದಿರುವುದು, ಹೆಚ್ಚು ಹೈಡ್ರೋಜನ್ ಹಾಯಿಸಿದ ಗಟ್ಟಿ ಮೇಣ, ಹಲವು ಬಾರಿ ಬೇರೆ ಸೇರ್ಪಡೆಗಳೂ ಇರುವಂಥದ್ದು. ಚಕ್ಕೆಗಳನ್ನು ಅಂಗೈಯಲ್ಲಿ ಹಿಡಿದು ಹಿಸುಕಿದರೆ ವ್ಯತ್ಯಾಸ ತಿಳಿಯುತ್ತದೆ: ಜಾಡಿಯದ್ದು ಒಂದಕ್ಕೊಂದು ಮೆತ್ತಿಕೊಂಡು ಉಂಡೆಯಾಗುತ್ತದೆ, ಅಚ್ಚಿನದ್ದು ಪುಡಿಪುಡಿಯಾಗಿ ಉದುರುತ್ತದೆ.

ಅಚ್ಚಿನ ಸೋಯಾದ ತೊಂದರೆ ಅದರ ಪೆಡಸುತನ. ಅಂಚು ಚೂರಾಗುತ್ತದೆ, ಚೂಪು ಮೂಲೆಗಳಿರುವ ಅಚ್ಚು ಇದಕ್ಕೆ ಹೇಳಿದ್ದಲ್ಲ. ಕುಗ್ಗುವುದು ಕಡಿಮೆ, ಹಾಗಾಗಿ ಎರಡನೆಯ ಸಲ ಹೊಯ್ಯುವ ಕೆಲಸ ತಪ್ಪಿದರೂ ಅಚ್ಚಿನಿಂದ ಹೊರಬರುವಾಗ ಹಟ ಮಾಡುತ್ತದೆ. ಬಣ್ಣ ಹಾಕಿದರೆ ಕೆಲವು ದಿನಗಳಲ್ಲಿ ಮೈಮೇಲೆ ಬಿಳಿ ಹುಡಿ ಹಿಡಿದಂತೆ ಹರಳು ಮೂಡುತ್ತದೆ. ಉರಿಯುವುದಕ್ಕೆ ಅದರಿಂದ ಏನೂ ಬಾಧಕವಿಲ್ಲ, ಆದರೆ ಕಡುಗೆಂಪು ಬಣ್ಣದ ಪಿಲ್ಲರ್ ಬಯಸಿದವರಿಗೆ ಅದು ಹಿಡಿಸುವುದಿಲ್ಲ. ಬಣ್ಣವಿಲ್ಲದೆ ಕೆನೆಬಿಳಿಯಾಗಿಯೇ ಬಿಟ್ಟರೆ ಹರಳು ಮೂಡಿದ್ದೂ ಕಾಣದು.

ನನ್ನ ಅಭಿಪ್ರಾಯ ಕೇಳಿದರೆ, ಸೋಯಾಕ್ಕೆ ಹೇಳಿ ಮಾಡಿಸಿದ ಜಾಗ ವೋಟಿವ್. ಅದು ಕರಗಲು ಇಷ್ಟಪಡುವ ಮೇಣ. ವೋಟಿವ್‌ನಲ್ಲಿ ಕರಗುವುದೇ ಕೆಲಸ. ಅಚ್ಚು ಚಿಕ್ಕದು, ಗೋಡೆ ಓರೆ, ಹೊರತೆಗೆಯಲು ಅಷ್ಟು ಕಷ್ಟವಿಲ್ಲ. ಅಂಟಿಕೊಂಡರೆ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಬಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಬಿರುಕು ಬಿಡುತ್ತದೆ. ಸೋಯಾ ಪಿಲ್ಲರ್ ಬೇಕೇಬೇಕು ಎನ್ನುವವರು ಅದಕ್ಕೆ ಗಟ್ಟಿ ಪ್ಯಾರಾಫಿನ್ನನ್ನೋ ಜೇನುಮೇಣವನ್ನೋ ಬೆರೆಸಿ ನೋಡಲಿ. ಪೆಡಸುತನ ತಗ್ಗುತ್ತದೆ, ಗೋಡೆ ನಿಲ್ಲುತ್ತದೆ. ಬೆರಕೆ ಎಂದರೆ ಮೂಗು ಮುರಿಯಬೇಕಾಗಿಲ್ಲ. ಮಾರುಕಟ್ಟೆಯ ಕ್ಯಾಂಡಲ್‌ಗಳಲ್ಲಿ ಬೆರಕೆಯೇ ಸಾಮಾನ್ಯ. ಒಂದು ಮಾತು: ಸೋಯಾ ಕ್ಯಾಂಡಲ್ ಹೊಯ್ದ ಮರುದಿನವೇ ಹೊತ್ತಿಸಿ ತೀರ್ಪು ಕೊಡಬೇಡಿ. ಒಂದೆರಡು ವಾರ ಮುಚ್ಚಿಟ್ಟರೆ ಗಟ್ಟಿಯೂ ಆಗುತ್ತದೆ, ಪರಿಮಳವೂ ಕೂಡಿಬರುತ್ತದೆ. ಪ್ಯಾರಾಫಿನ್‌ಗೆ ಎರಡು ಮೂರು ದಿನ ಸಾಕು.

ತಾಳೆ ಮೇಣ

ನೋಟಕ್ಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ತಣ್ಣಗಾಗುವಾಗ ಹೊರಮೈಯಲ್ಲಿ ಗರಿಗಳಂಥ, ಹಿಮದ ಹರಳಿನಂಥ ಚಿತ್ತಾರ ತಾನಾಗಿ ಮೂಡುತ್ತದೆ. ಕರಗುವ ಬಿಂದು 60ರ ಆಸುಪಾಸು, ಗಟ್ಟಿ, ಪಿಲ್ಲರ್‌ಗೆ ಬೇರೆ ಗಡಸುಕಾರಕ ಬೇಡ. ಆದರೆ ಚಿತ್ತಾರ ಬೇಕೆಂದರೆ 90 ಡಿಗ್ರಿ ದಾಟಿದ ಬಿಸಿಯಲ್ಲಿ, ಮೊದಲೇ ಬಿಸಿ ಮಾಡಿದ ಲೋಹದ ಅಚ್ಚಿಗೆ ಹೊಯ್ದು, ಪೆಟ್ಟಿಗೆಯಲ್ಲೋ ಬಟ್ಟೆಯಲ್ಲೋ ಸುತ್ತಿಟ್ಟು ಬಹಳ ನಿಧಾನವಾಗಿ ತಣಿಸಬೇಕು. ಅವಸರಿಸಿದರೆ ಚಿತ್ತಾರ ಮಾಯ, ಉಳಿಯುವುದು ಮಂಕು ಬಿಳಿ. ಒಳಗೆ ಗಾಳಿಯ ಪೊಳ್ಳುಗಳೂ ಹೆಚ್ಚು, ತೂತು ಚುಚ್ಚುವುದನ್ನು ಮರೆಯುವಂತಿಲ್ಲ. ವೋಟಿವ್‌ಗೆ ಇದನ್ನು ಹಾಕುವುದು ನನಗಂತೂ ದಂಡ ಎನಿಸುತ್ತದೆ. ಹೊತ್ತಿಸಿದ ಮೇಲೆ ಎಲ್ಲ ಕರಗಿ ನೀರಾಗುವಲ್ಲಿ ಚಿತ್ತಾರ ಯಾರಿಗಾಗಿ?

ತಾಳೆ ತೋಟಗಳಿಗಾಗಿ ಕಾಡು ಕಡಿಯುವ ಪ್ರಶ್ನೆ ಮನಸ್ಸಿಗೆ ಬರುವವರು ಪರಿಸರಕ್ಕೆ ಹಾನಿ ತಗ್ಗಿಸಿ ಬೆಳೆದ ತಾಳೆಗೆ ಕೊಡುವ ಆರ್‌ಎಸ್‌ಪಿಒ ಪ್ರಮಾಣಪತ್ರ ಇರುವ ಮೇಣವನ್ನು ಕೇಳಿ ಕೊಳ್ಳಬಹುದು. ಪ್ರಮಾಣಪತ್ರದಿಂದ ಎಲ್ಲ ಪ್ರಶ್ನೆ ಮುಗಿಯಿತು ಎಂದಲ್ಲ, ಏನೂ ಕೇಳದೆ ಕೊಳ್ಳುವುದಕ್ಕಿಂತ ವಾಸಿ.

ಜೇನುಮೇಣ

ಇದು ಯಾರ ಸಹಾಯವೂ ಬೇಡದ ಮೇಣ. ಕರಗುವ ಬಿಂದು 62ರಿಂದ 65 ಡಿಗ್ರಿ, ಪೆಡಸಲ್ಲ, ಬಾಳಿಕೆ ಹೆಚ್ಚು, ತನ್ನದೇ ಬಣ್ಣ, ತನ್ನದೇ ಪರಿಮಳ. ಪಿಲ್ಲರ್‌ಗೆ ಗುಣದಲ್ಲಿ ಇದಕ್ಕೆ ಸರಿಸಾಟಿ ಇಲ್ಲ, ಬೆಲೆಯಲ್ಲೂ ಇಲ್ಲ. ಅಗಲವಾದ ಪಿಲ್ಲರ್ ಒಂದಕ್ಕೆ ಹಿಡಿಯುವ ಜೇನುಮೇಣದ ತೂಕ ಲೆಕ್ಕ ಹಾಕಿದ ಮೇಲೆ ಎಷ್ಟೋ ಜನ ತೆಳ್ಳನೆಯ ಕಂಬಕ್ಕೆ ಮನಸ್ಸು ಒಪ್ಪಿಸುತ್ತಾರೆ.

ದುಬಾರಿ ಎಂಬುದರಿಂದಲೇ ಕಲಬೆರಕೆಯೂ ಉಂಟು. ಚೆನ್ನಾಗಿ ತಣ್ಣಗಿರುವ ತುಂಡನ್ನು ಮುರಿದು ನೋಡಿ: ಶುದ್ಧ ಜೇನುಮೇಣದ ಮುರಿದ ಮುಖ ಹರಳುಹರಳಾಗಿ, ಮಂಕಾಗಿ ಇರುತ್ತದೆ. ಕೈಯಲ್ಲಿ ಹಿಡಿದು ಬೆಚ್ಚಗಾದರೆ ನಾದಿದಂತೆ ಮಣಿಯುತ್ತದೆ. ಇದರ ಜೊತೆಗೆ ಥರ್ಮಾಮೀಟರ್ ಇದ್ದೇ ಇದೆ. ತಣಿಯುವಾಗ ಅಂಕಿ ಅರವತ್ತರ ಕೆಳಗೆಲ್ಲೋ ನಿಂತರೆ ಅದರಲ್ಲಿ ಬೇರೆಯದು ಸೇರಿದೆ. ಇನ್ನೊಂದು ಗುರುತು, ಹಳೆಯದಾದಂತೆ ಮೈಮೇಲೆ ಮೂಡುವ ಬೂದುಬಿಳಿ ಪೊರೆ. ಕೆಟ್ಟಿದೆ ಎಂದುಕೊಂಡು ಎಸೆಯಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ.

ಕೆಲಸದಲ್ಲಿ ಇದು ಅಂಟುವ ಮೇಣ. ಲೋಹದ ಅಚ್ಚಿನಿಂದ ಬಿಡಿಸುವುದು ಕಷ್ಟ, ಸಿಲಿಕೋನ್ ಅಚ್ಚು ಇದ್ದರೆ ಸುಲಭ. 85 ಡಿಗ್ರಿ ಮೀರಿ ಕಾಯಿಸಿದರೆ ಬಣ್ಣ ಕಪ್ಪಾಗುತ್ತದೆ, ಪರಿಮಳ ಹಾರುತ್ತದೆ. ಬೇಗ ತಣಿಸಿದರೆ ಸೀಳುತ್ತದೆ, ದಪ್ಪ ಪಿಲ್ಲರ್ ಆದರೆ ರಾತ್ರಿಯಿಡೀ ಹೊದಿಸಿಡಬೇಕು. ಎಲ್ಲಕ್ಕಿಂತ ಮುಖ್ಯ ಸೋಸುವುದು. ಪರಾಗ, ಜೇನುಗೂಡಿನ ಅಂಟು, ಜೇನಿನ ಪಸೆ ಉಳಿದಿದ್ದರೆ ಅವೆಲ್ಲ ಬತ್ತಿಯ ನೂಲಿನೊಳಗೆ ಏರಿ ದಾರಿ ಕಟ್ಟುತ್ತವೆ. ಕುಡಿ ದಿನದಿಂದ ದಿನಕ್ಕೆ ಸಣ್ಣದಾಗುತ್ತದೆ. ಕರಗಿಸಿ ದಟ್ಟನೆಯ ಬಟ್ಟೆಯಲ್ಲಿ ಬಸಿದು, ತಣಿದ ಮೇಲೆ ಬಿಲ್ಲೆಯ ತಳದಲ್ಲಿ ಕೂತ ಕಶ್ಮಲವನ್ನು ಹೆರೆದು ತೆಗೆಯಿರಿ.

ಇದಕ್ಕೆ ಸುಗಂಧತೈಲ ಹಾಕುವವರನ್ನು ಕಂಡರೆ ನನಗೆ ಬೇಸರ. ಹೊರಗಿನ ಪರಿಮಳ ಇದರಲ್ಲಿ ಸರಿಯಾಗಿ ಹೊಮ್ಮುವುದಿಲ್ಲ, ಇದರದ್ದೂ ಕೆಡುತ್ತದೆ. ಪರಿಮಳ ಬೇಕಾದರೆ ಪ್ಯಾರಾಫಿನ್‌ಗೆ ಹೋಗಿ, ಜೇನುಮೇಣವನ್ನು ಅದರಲ್ಲಿ ಶೇಕಡಾ 5ರಿಂದ 10 ಬೆರೆಸಿ. ಅಷ್ಟರಿಂದಲೇ ಪ್ಯಾರಾಫಿನ್‌ನ ಪೆಡಸು ಇಳಿಯುತ್ತದೆ.

ತೆಂಗಿನ ಮೇಣ ಒಂಟಿಯಾಗಿ ಪಿಲ್ಲರ್‌ಗೂ ಆಗದು, ವೋಟಿವ್‌ಗೂ ಆಗದು, ಅಷ್ಟು ಮೃದು. ಕಾರ್ನೌಬಾ 82 ಡಿಗ್ರಿಗಿಂತ ಮೇಲೆ ಕರಗುವ ಗಡಸು ಮೇಣ. ಚಿಟಿಕೆಯಷ್ಟು ಸೇರಿಸಬಹುದು, ಹೆಚ್ಚಾದರೆ ಬತ್ತಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಪಾರದರ್ಶಕ ಜೆಲ್ ಗಾಜಿನ ಪಾತ್ರೆಗೆ ಮಾತ್ರ.

ಯಾವ ಮೇಣದ ಹೊಗೆ ಕೆಟ್ಟದ್ದು?

ಸರಿಯಾಗಿ ಉರಿದಾಗ ಈ ಮೇಣಗಳೆಲ್ಲವೂ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತವೆ. ಸರಿಯಾಗಿ ಉರಿಯದಾಗ ಇವೆಲ್ಲವೂ ಮಸಿ ಬಿಡುತ್ತವೆ. ಬತ್ತಿ ಉದ್ದವಾಗಿದ್ದರೆ, ಗಾಳಿ ಬೀಸಿ ಕುಡಿ ಅಲುಗಿದರೆ, ಸುಗಂಧತೈಲ ಅತಿಯಾದರೆ ಸೋಯಾವೂ ಗೋಡೆಯನ್ನು ಕಪ್ಪು ಮಾಡುತ್ತದೆ. ಪೆಟ್ರೋಲಿಯಂ ಮೂಲದ್ದನ್ನು ಬಳಸುವುದಿಲ್ಲ ಎಂಬುದು ಒಪ್ಪತಕ್ಕ ನಿಲುವು. ಆದರೆ ಮಸಿಗೆ ಮೇಣದ ಜಾತಿಯನ್ನು ದೂರುವ ಮೊದಲು ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ ನೋಡಿ.

ಬತ್ತಿಯನ್ನೂ ಜೊತೆಗೇ ಆರಿಸಿ

ಮೇಣ ಒಂದು ಅಂಗಡಿಯಲ್ಲಿ ಆರಿಸಿ, ಬತ್ತಿ ಸಿಕ್ಕಿದ್ದು ತಂದರೆ ಮೇಲಿನ ಲೆಕ್ಕವೆಲ್ಲ ಬುಡಮೇಲು. ಬತ್ತಿ ಕರಗಿದ ಮೇಣವನ್ನು ಮೇಲಕ್ಕೆ ಎಳೆಯುವ ಕೊಳವೆ. ಮೇಣ ಎಷ್ಟು ತೆಳುವಾಗಿ ಹರಿಯುತ್ತದೆ ಎಂಬುದರ ಮೇಲೆ ಅದರ ದಪ್ಪ ನಿರ್ಧಾರವಾಗುತ್ತದೆ. ಪ್ಯಾರಾಫಿನ್ ಸರಾಗವಾಗಿ ಏರುತ್ತದೆ, ಅದಕ್ಕೆ ಚಪ್ಪಟೆ ಹೆಣಿಗೆಯ ಹತ್ತಿ ಬತ್ತಿ ಸಾಕು. ಜೇನುಮೇಣ ಮಂದ, ಅದಕ್ಕೆ ಚೌಕ ಹೆಣಿಗೆಯದ್ದು, ಪ್ಯಾರಾಫಿನ್‌ಗೆ ಬಳಸುವುದಕ್ಕಿಂತ ದಪ್ಪ. ಸೋಯಾ, ತಾಳೆ ಕೂಡ ಸಾಮಾನ್ಯವಾಗಿ ಒಂದು ಅಳತೆ ದಪ್ಪವನ್ನೇ ಕೇಳುತ್ತವೆ. ವೋಟಿವ್ ಪೂರ್ತಿ ಕರಗಿದ ಮೇಲೂ ಬತ್ತಿ ನೆಟ್ಟಗೆ ನಿಲ್ಲಬೇಕಲ್ಲ, ಹಾಗಾಗಿ ಒಳಗೆ ಕಾಗದದ ಅಥವಾ ಸತುವಿನ ಎಳೆ ಇರುವ, ಬುಡಕ್ಕೆ ತಗಡಿನ ಬಿಲ್ಲೆ ಇರುವ ಬತ್ತಿ ತನ್ನಿ.

ಪಿಲ್ಲರ್‌ನಲ್ಲಿ ಸರಿಯಾದ ಬತ್ತಿಯ ಗುರುತು ಕಣ್ಣಿಗೆ ಕಾಣುವಂಥದ್ದು. 7 ಸೆಂಟಿಮೀಟರ್ ಅಗಲದ ಪಿಲ್ಲರನ್ನು ಸುಮಾರು ಮೂರು ಗಂಟೆ ಉರಿಸಿ; ಅಗಲದ ಪ್ರತಿ ಇಂಚಿಗೆ ಒಂದು ಗಂಟೆ ಎಂಬುದು ಹಳೆಯ ಲೆಕ್ಕ. ಕೊಳ ಅಂಚಿನ ಹತ್ತಿರಕ್ಕೆ ಬಂದು, ಐದಾರು ಮಿಲಿಮೀಟರ್ ಗೋಡೆ ಉಳಿಸಿ ನಿಂತಿರಬೇಕು. ಗೋಡೆಯನ್ನು ಹೊರಗಿನಿಂದ ಬೆರಳಲ್ಲಿ ಮುಟ್ಟಿದರೆ ಬೆಚ್ಚಗಿರಬೇಕು, ಒತ್ತಿದರೆ ತಗ್ಗಬಾರದು. ತಗ್ಗಿತೆಂದರೆ ಬತ್ತಿ ದಪ್ಪವಾಯಿತು ಅಥವಾ ಮೇಣ ಮೆತ್ತಗಾಯಿತು. ಮೊದಲು ಬತ್ತಿ ಬದಲಿಸಿ ನೋಡಿ, ಅದು ಅಗ್ಗದ ಪರೀಕ್ಷೆ. ಕೊಳ ನಡುವಿನಲ್ಲೇ ಆಳಕ್ಕೆ ಇಳಿಯುತ್ತಿದ್ದರೆ ಬತ್ತಿ ಸಣ್ಣ. ತುದಿಯಲ್ಲಿ ಕರಿಗಂಟು ಕಟ್ಟುತ್ತಿದ್ದರೆ ಬತ್ತಿ ದಪ್ಪ ಅಥವಾ ಸುಗಂಧತೈಲ ಹೆಚ್ಚು.

ಹಾಗಾದರೆ ಏನು ಕೊಳ್ಳುವುದು

ಮೊದಲ ಪಿಲ್ಲರ್‌ಗೆ: ಪೂರ್ಣ ಸಂಸ್ಕರಿಸಿದ 58/60 ಪ್ಯಾರಾಫಿನ್, ಸ್ಟಿಯರಿಕ್ ಆಮ್ಲ, ಚಪ್ಪಟೆ ಹೆಣಿಗೆಯ ಬತ್ತಿ ಎರಡು ಮೂರು ಅಳತೆಗಳಲ್ಲಿ. ಬಿಸಿ ಜಾಗವಾದರೆ 60/62. ಮೊದಲ ವೋಟಿವ್‌ಗೆ: ಅಚ್ಚಿಗೆ ಎಂದು ಬರೆದಿರುವ ಸೋಯಾ, ಬಣ್ಣ ಮುಖ್ಯವಾದರೆ 56/58 ಪ್ಯಾರಾಫಿನ್. ಉಡುಗೊರೆಗೆ, ಕಣ್ಣಿಗೆ ಹಬ್ಬವಾಗಲಿ ಎನ್ನುವುದಕ್ಕೆ ತಾಳೆ, ಆದರೆ ಎರಡನೆಯ ಹಂತದಲ್ಲಿ. ಕೈ ಪಳಗುವವರೆಗೆ ಜೇನುಮೇಣದಲ್ಲಿ ಪ್ರಯೋಗ ಬೇಡ. ತಪ್ಪಿದ್ದನ್ನು ಮತ್ತೆ ಕರಗಿಸಬಹುದು ನಿಜ, ಪ್ರತಿ ಸಲವೂ ಸ್ವಲ್ಪ ಬಣ್ಣ, ಸ್ವಲ್ಪ ಪರಿಮಳ ಕಳೆದುಹೋಗುತ್ತದೆ.

ಎಷ್ಟು ಬೇಕೆಂಬುದಕ್ಕೆ ಅಚ್ಚಿಗೆ ನೀರು ತುಂಬಿ ಅಳೆಯಿರಿ. ಮಿಲಿಲೀಟರನ್ನು 0.9ರಿಂದ ಗುಣಿಸಿದರೆ ಪ್ಯಾರಾಫಿನ್ ಗ್ರಾಂ ಲೆಕ್ಕ ಬರುತ್ತದೆ. 500 ಮಿಲಿಲೀಟರ್ ಅಚ್ಚಿಗೆ 450 ಗ್ರಾಂ: ಪ್ಯಾರಾಫಿನ್ 405, ಸ್ಟಿಯರಿಕ್ 45. ಸುಗಂಧತೈಲ ಶೇಕಡಾ 5 ಎಂದರೆ ಸುಮಾರು 22 ಗ್ರಾಂ. ಕರಗಿದ ಮೇಣ ಹಿಗ್ಗಿರುವುದರಿಂದ ಮೊದಲ ಸಲಕ್ಕೆ ಅಷ್ಟೂ ಹಿಡಿಯುವುದಿಲ್ಲ. ಉಳಿದದ್ದು ಎರಡನೆಯ ಸಲಕ್ಕೆ. ಹೊಯ್ಯುವ ಮೊದಲು ಅಚ್ಚಿನೊಳಗೆ ನೀರಿನ ಒಂದು ಹನಿಯೂ ಇಲ್ಲದಂತೆ ಒರೆಸಿ ಒಣಗಿಸಿ.

ಕರಗಿಸುವುದು ನೀರಿನ ಪಾತ್ರೆಯೊಳಗಿನ ಪಾತ್ರೆಯಲ್ಲೇ, ಕಣ್ಣೆದುರೇ. ನೇರ ಉರಿಯ ಮೇಲೆ ಮೇಣ ಕುದಿದು ಎಚ್ಚರಿಸುವುದಿಲ್ಲ, ಹೊಗೆಯಾಡಿ ನೇರವಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಒಲೆ ಆರಿಸಿ ಮುಚ್ಚಳ ಮುಚ್ಚಿ. ನೀರು ಮಾತ್ರ ಹಾಕಬೇಡಿ, ಬೆಂಕಿ ಸಿಡಿದು ಹರಡುತ್ತದೆ. ಉಳಿದ ಮೇಣವನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ.

ದೊಡ್ಡ ಚೀಲ ಕೊಳ್ಳುವ ಮೊದಲು ಒಂದು ಕಿಲೋ ತಂದು ಒಂದು ಪಿಲ್ಲರ್, ನಾಲ್ಕು ವೋಟಿವ್ ಹೊಯ್ದು ನೋಡಿ. ನಾಲ್ಕು ವೋಟಿವ್‌ಗೂ ಬೇರೆ ಬೇರೆ ಅಳತೆಯ ಬತ್ತಿ ಹಾಕಿ, ಬುಡದಲ್ಲಿ ಸೂಜಿಯಿಂದ ಸಂಖ್ಯೆ ಗೀಚಿ, ಒಂದೇ ಬಗೆಯ ಲೋಟಗಳಲ್ಲಿ ಅಕ್ಕಪಕ್ಕ ಅಂತರವಿಟ್ಟು ಒಂದೇ ಹೊತ್ತಿಗೆ ಹೊತ್ತಿಸಿ. ಯಾವುದು ಗಾಜಿಗೆ ಮೇಣ ಉಳಿಸದೆ, ಮಸಿ ಹಿಡಿಸದೆ ಮುಗಿಯುತ್ತದೋ ಆ ಬತ್ತಿಯ ಅಳತೆಯನ್ನೂ ಮೇಣದ ಅಂಕಿಯನ್ನೂ ಒಟ್ಟಿಗೇ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬೇರೆ ತಯಾರಕರ ಮೇಣ ತಂದರೆ, ಅಂಕಿ ಅದೇ ಇದ್ದರೂ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.